ಒಲೆ ಮುಂದಿನ ಚಪ್ಪಲಿ

ದಾಸನಕೊಪ್ಪದ ಬಸ್ ನಿಲ್ದಾಣದ ಎದುರು ಮಧುಕೇಶ್ವರ ಮಿರ್ಚಿ ಕರಿಯುತ್ತಿದ್ದ. ಹೆಂಡತಿ ಸಿದ್ದವ್ವ ಪಕ್ಕದಲ್ಲಿ ಕೂತು ಮೆಣಸಿನಕಾಯಿ ಸೀಳುತ್ತಿದ್ದಳು. ಅವತ್ತೂ ಹಾಗೆಯೇ.

"ಹಿಟ್ಟು ತೆಳ್ಳಗಾತು" ಎಂದ.

"ನಿಮ್ಮ ತಲಿಗೂದಲಕಿಂತ ದಟ್ಟ ಐತಿ. ಕರೀರಿ."

ಗಿರಾಕಿಗಳು ನಕ್ಕರು. ಸಂಜೆ ಅಂಗಡಿ ಮುಚ್ಚಿದರು. ಬೆಳಿಗ್ಗೆ ಅವನು ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು.

ಕೂತು ಕೆಲಸ ಮಾಡುತ್ತಿದ್ದವಳು ಈಗ ಒಲೆ ಮುಂದೆ ನಿಂತಳು. ಕಲ್ಲುಹಾಸಿನ ಮೇಲೆ, ಬರಿಗಾಲಲ್ಲಿ, ದಿನವಿಡೀ. ಒಲೆ ಮುಂದೆ ಚಪ್ಪಲಿ ಮೆಟ್ಟುವ ಮನೆತನವಲ್ಲ ಅವರದು. ಮಳೆಗಾಲದ ಹೊತ್ತಿಗೆ ಬಲಗಾಲಿನ ಹಿಮ್ಮಡಿ ಹಿಡಿಯಿತು. ಬೆಳಿಗ್ಗೆ ಎದ್ದು ಕಾಲೂರಿದರೆ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು.

ಮೈದುನ ಚನ್ನಬಸವ ಇದನ್ನು ನೋಡಿದ. "ವೈನಿ, ಅಂಗಡಿ ಬಾಡಿಗಿ ಕೊಡೂಣು. ದಸರಾ ಆದಮ್ಯಾಲೆ ಮೊಬೈಲ್ ಅಂಗಡಿಯವ ಬರ್ತಾನ. ನೀವು ಮನ್ಯಾಗ ಕುಂದರ್ರಿ."

"ಕುಂತು ಏನ ಮಾಡ್ಲಿ? ಗೋಡಿ ನೋಡ್ಲೇನು?"

ಮನೆಯಲ್ಲಿ ಗಂಡ ಇರಲಿಲ್ಲ. ಅಂಗಡಿಯಲ್ಲಿ ಇನ್ನೂ ಇದ್ದ. ಅಂಗಡಿ ಬಿಡಲಾರಳು.

ಶಿರಸಿ ಬಸ್ಸು ಹತ್ತಿದಳು. ಅಲ್ಲಿ ಫಿಸಿಯೋಥೆರಪಿ ಮಾಡುವ ಮೇಧಾ ಅವಳ ಹಿಮ್ಮಡಿ ಒತ್ತಿ ನೋಡಿದಳು, ಮೀನಖಂಡ ಒತ್ತಿ ನೋಡಿದಳು. ಕೂದಲೆಳೆಯಂಥ ಸೂಜಿ ತೆಗೆದಳು.

"ಸೂಜ್ಯಾಗ ಔಷಧ ಎಲ್ಲೈತ್ರಿ ಮೇಡಮ್ಮಾರ?"

"ಔಷಧ ಎಂತದೂ ಇಲ್ಲ ಅಮ್ಮಾ. ಒಣ ಸೂಜಿ. ಬಿಗಿದುಕೊಂಡ ಮಾಂಸ ಸಡಿಲ ಆಗ್ತದೆ."

"ನೋವು ಹಿಮ್ಮಡ್ಯಾಗ, ಚುಚ್ಚೂದು ಮೀನಖಂಡಕ್ಕ. ಕಳ್ಳನ್ನ ಬಿಟ್ಟು ಅವರಣ್ಣಗ ಹೊಡದಂಗಾತು."

"ಹಿಂದಿಂದ ಎಳೀತಾ ಇರೋದು ಆ ಅಣ್ಣನೇ."

ಸೂಜಿ ಇಳಿಯಿತು. ಮಾಂಸ ತನ್ನಷ್ಟಕ್ಕೆ ಪಟ್ಟನೆ ಹಾರಿತು. ಸಿದ್ದವ್ವ ಹಲ್ಲು ಕಚ್ಚಿದಳು.

"ಸೂಜಿ ಅರ್ಧ ಕೆಲಸ ಅಷ್ಟೆ" ಎಂದಳು ಮೇಧಾ. "ದಿನಾ ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಬೇಕು. ಮೆತ್ತನೆ ಚಪ್ಪಲಿ ಬೇಕು, ಕೆಲಸ ಮಾಡುವಾಗಲೂ."

"ಒಲಿ ಮುಂದ ಚಪ್ಪಲಿ ಮೆಟ್ಟಂಗಿಲ್ರಿ."

"ಹಾಗಾದ್ರೆ ಒಲೆ ಮುಂದೆ ನಿಲ್ಲೋ ಹಾಗೂ ಇಲ್ಲ."

ಸಿದ್ದವ್ವ ಹೊಸ ಚಪ್ಪಲಿ ಕೊಂಡಳು. ಚೀಲದಲ್ಲಿ ತಂದು ಅತ್ತೆ ಗುರುಶಾಂತವ್ವನ ಮುಂದಿಟ್ಟಳು. ಮುದುಕಿ ತಿರುವಿ ನೋಡಿದಳು.

"ಬೀದಿ ತುಳದಾವೇನ?"

"ಇಲ್ರಿ ಅತ್ತಿ. ಇನ್ನ ನೆಲಾನ ಮುಟ್ಟಿಲ್ಲ."

"ಹಂಗಾರ ಇವು ಚಪ್ಪಲಿ ಅಲ್ಲ. ಕುಂದರಾಕ ಮಣಿ ಇದ್ದಂಗ, ಇವು ನಿಂದರಾಕ. ಹೊರಗ ಕಾಲಿಟ್ಟಿ ಅಂದ್ರ ಮಾತ್ರ ಒಲಿಗೆ ಹಾಕ್ತೀನಿ."

ವಾರಕ್ಕೊಮ್ಮೆ ಶಿರಸಿ, ದಿನವೂ ಮೆಟ್ಟಿಲು, ಒಲೆ ಮುಂದೆ ಆ ಚಪ್ಪಲಿ. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿಬಂದಳು. ಬಂದ ಮೇಲೆ ಅದು ಗೊತ್ತಾಯಿತು.

ದಸರಾ ಮುಗಿಯಿತು. ಸಂತೆಯ ದಿನ ಚನ್ನಬಸವ ಮೊಬೈಲ್ ಅಂಗಡಿಯವನನ್ನು ಕರೆತಂದ. ಅಂಗಡಿ ಮುಂದೆ ಜನ ಮುಗಿಬಿದ್ದಿದ್ದರು. ಸಿದ್ದವ್ವ ಬೆಳಿಗ್ಗೆಯಿಂದ ನಿಂತೇ ಇದ್ದಳು. ಇಬ್ಬರೂ ಜನರ ಹಿಂದೆ ಕಾದರು.

"ಕಾಲು ಹೆಂಗೈತಿ ವೈನಿ?"

"ಅದರ ಮ್ಯಾಲೇ ನಿಂತೀನಿ. ಎಷ್ಟ ಪ್ಲೇಟ್ ಕೊಡ್ಲಿ?"

ಅವನು ಎರಡು ಎಂದ. ಕಚ್ಚಿದ. "ಅಣ್ಣನ ಕೈರುಚಿ ಬಂದೈತಿ."

"ಅವರಿಗೆ ಕಲಿಸಿದಾಕಿ ನಾನ."

ಬಾಡಿಗೆಯ ಮಾತು ಯಾರೂ ಎತ್ತಲಿಲ್ಲ. ಅವರು ಹೋದ ಮೇಲೆ ಸಿದ್ದವ್ವ ಒಂದು ಗಳಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಎಣ್ಣೆಗೆ ಮಿರ್ಚಿ ಬಿಟ್ಟಳು.

ಈಗಲೂ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅಂಗಡಿಯ ಮೆಟ್ಟಿಲ ತುದಿಯಲ್ಲಿ ಬರಿಗಾಲಲ್ಲಿ ನಿಲ್ಲುತ್ತಾಳೆ. ಕಾಲ್ಬೆರಳ ಕೆಳಗೆ ಸುತ್ತಿದ ಟವೆಲ್. ಹಿಮ್ಮಡಿ ನಿಧಾನ ಮೇಲೆ, ನಿಧಾನ ಕೆಳಗೆ. ಮೊದಲ ಬಸ್ಸಿನವರು ನೋಡುತ್ತಾರೆ. ನೋಡಲಿ. ಆಮೇಲೆ ಮೆಟ್ಟಿಲಿಗೆ ನೀರು ಹಾಕಿ, ಕಸಬರಿಗೆ ಹಿಡಿದು ತಿಕ್ಕುತ್ತಾಳೆ.