ಬಸ್‌ಸ್ಟಾಪಿನ ಹೆಸರಿನ ಮೊಲಗಳು

ನಮ್ಮ ಮೆಡಿಕಲ್ ಕಾಲೇಜಿನ ಹಿಂದಿದ್ದ ಪ್ರಾಣಿಮನೆ ಈಗ ಸ್ಕೂಟರ್ ನಿಲ್ಲಿಸುವ ಜಾಗ. ಬೆಳಿಗ್ಗೆ ಗಾಡಿ ನಿಲ್ಲಿಸುವಾಗೆಲ್ಲ ನನಗೆ ಹಳೆಯದೆಲ್ಲ ನೆನಪಾಗುತ್ತದೆ. ಒಂದು ಕಾಲದಲ್ಲಿ ಅಲ್ಲಿ ಹಸಿಹುಲ್ಲಿನ ವಾಸನೆ ಇತ್ತು, ಪ್ರಯೋಗದ ಮೊಲಗಳ ಸಾಲು ಗೂಡುಗಳಿದ್ದವು, ಯೂಸ್ಟೇಸ್ ಪೊರ್ಬುಗಳ ಶಿಳ್ಳೆ ಇತ್ತು. ಎಂಥ ಚೆಂದದ ದಿನಗಳವು!

ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಅವರು ಮೊಲ ನೋಡಿಕೊಳ್ಳುವವರು, ನಾನು ಪ್ಯಾಥಾಲಜಿ ಲ್ಯಾಬಿನ ಟೆಕ್ನಿಷಿಯನ್. ಆಗ ರಕ್ತನಾಳದಲ್ಲಿ ಕೊಬ್ಬು ಕೂರುವುದನ್ನು ನಿಧಾನ ಮಾಡುವ ಮಾತ್ರೆಯ ಪ್ರಯೋಗ ನಡೆದಿತ್ತು. ಎಲ್ಲ ಮೊಲಗಳಿಗೂ ತೆಂಗಿನೆಣ್ಣೆ, ಮೊಟ್ಟೆಯ ಹಳದಿ ಕಲಸಿದ ಮೇವು. ಅರ್ಧದಷ್ಟಕ್ಕೆ ಮಾತ್ರೆಯೂ ಉಂಟು. ಕೆಲವು ತಿಂಗಳ ನಂತರ ಅವನ್ನು ಕೊಂದು ನಾಳ ಸೀಳಿ ನೋಡಬೇಕು. ಅದಕ್ಕೇ ಹೆಸರಿಡಬಾರದು, ನಂಬರ್ ಮಾತ್ರ ಎಂದು ಪ್ರೊಫೆಸರು ಹೇಳಿದ್ದರು.

ಪೊರ್ಬುಗಳು ಕೇಳಬೇಕಲ್ಲ! "ನಂಬರ್ ಕರೆದ್ರೆ ಕಿವಿಯೂ ಅಲ್ಲಾಡಿಸುದಿಲ್ಲ ಮಾರಾಯ್ರೆ" ಎಂದು ಸಿಟಿ ಬಸ್ಸಿನ ಸ್ಟಾಪುಗಳ ಹೆಸರನ್ನೇ ಇಟ್ಟರು. ಉರ್ವ, ಕೂಳೂರು, ತೊಕ್ಕೊಟ್ಟು. ಈ ತೊಕ್ಕೊಟ್ಟು ಮಹಾ ಕಿಲಾಡಿ, ಮಾತ್ರೆ ಉಗುಳುತ್ತಿತ್ತು. ಅವರು ಬಾಳೆಹಣ್ಣಿನ ಚೂರಿನಲ್ಲಿ ಮಾತ್ರೆ ಅಡಗಿಸಿ, "ತಿನ್ನು ಮಗಾ, ನಿನಗೇ ಒಳ್ಳೇದು" ಎಂದು ತಿನ್ನಿಸಿ, ಬಾಯಿ ತೆರೆದು ನೋಡಿಯೇ ಬಿಡುತ್ತಿದ್ದರು. ಕೊಲ್ಲುವ ದಿನ ಮಾತ್ರ ರಜೆ ಹಾಕಿ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಕೂರುತ್ತಿದ್ದರು. ಫಲಿತಾಂಶ ಏನೆಂದು ಯಾವತ್ತೂ ಕೇಳಲಿಲ್ಲ. ಯಾರಾದರೂ ಹೇಳಹೊರಟರೆ ಎದ್ದು ಹೋಗುತ್ತಿದ್ದರು.

ಮೊನ್ನೆ ಅವರ ಹೆಂಡತಿ ಬರ್ನಡೆಟ್ ಫೋನ್ ಮಾಡಿದರು. ಪೊರ್ಬುಗಳ ಹೃದಯದಲ್ಲಿ ಬ್ಲಾಕ್. ಡಾಕ್ಟರು ಕೊಟ್ಟಿದ್ದು ಅದೇ ಜಾತಿಯ ಮಾತ್ರೆ. ಇವರು ಅದನ್ನು ಕದ್ದುಮುಚ್ಚಿ ಹೂವಿನ ಕುಂಡಕ್ಕೆ ಹಾಕುತ್ತಿದ್ದಾರೆ.

"ನರ್ಸ್ ಆಗಿ ಎಷ್ಟೋ ಜನರಿಗೆ ಮಾತ್ರೆ ನುಂಗಿಸಿದ್ದೇನೆ ಮನೋರಮಕ್ಕ, ಇವರೊಬ್ಬರ ಹತ್ರ ಸೋತೆ. ಹೀಗೇ ಬಿಟ್ಟರೆ ಇವರು ನನಗೆ ಉಳಿಯುದಿಲ್ಲ" ಎಂದು ಅತ್ತರು.

ನನಗೆ ಪಿತ್ತ ನೆತ್ತಿಗೇರಿತು. ಅವರ ಉರ್ವದ ಮನೆಗೆ ಹೋಗಿ ಕೇಳಿಯೇಬಿಟ್ಟೆ, "ಎಂತ ಪೊರ್ಬುಗಳೇ, ಸಾಯ್ಲಿಕ್ಕೆ ಹೊರಟದ್ದಾ?"

"ಮಾತ್ರೆ ತಿಂದವೂ ಸತ್ತವು, ತಿನ್ನದವೂ ಸತ್ತವು. ಮತ್ತೆ ನಾನು ಎಂತಕ್ಕೆ ತಿನ್ನುದು?" ಎಂದರು.

ಅಯ್ಯೋ ದೇವರೇ! ಇಷ್ಟು ವರ್ಷ ಈ ಮನುಷ್ಯ ಇದನ್ನು ಎದೆಯಲ್ಲಿ ಇಟ್ಟುಕೊಂಡಿದ್ದರೇ?

"ಮಾತ್ರೆಯಿಂದ ಸತ್ತದ್ದಲ್ಲ, ಒಳಗೆ ನೋಡ್ಲಿಕ್ಕೆ ಅಂತ ನಾವೇ ಕೊಂದದ್ದು, ನಿಮಗೂ ಗೊತ್ತುಂಟಲ್ಲ! ಮಾತ್ರೆ ಒಳಗೆ ಎಂತ ಮಾಡಿತ್ತು ಅಂತ ನೀವು ಕೇಳ್ಲೇ ಇಲ್ಲ. ಏಳಿ, ತೋರಿಸ್ತೇನೆ" ಎಂದು ಅವರನ್ನು ರಿಕ್ಷಾ ಹತ್ತಿಸಿ ಕಾಲೇಜಿಗೆ ಕರೆತಂದೆ.

ನಮ್ಮ ವಿಭಾಗದ ಮ್ಯೂಸಿಯಮ್ಮಿನಲ್ಲಿ ಆ ಪ್ರಯೋಗದ ಎರಡು ಜಾಡಿಗಳು ಇನ್ನೂ ಉಂಟು. ಕೊಬ್ಬು ಕೂತಲ್ಲೆಲ್ಲ ಕೆಂಪು ಹಿಡಿಯುವ ಬಣ್ಣ ಹಾಕಿದ ನಾಳಗಳು. ಒಂದು ಉದ್ದಕ್ಕೂ ಕೆಂಪು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಪೊರ್ಬುಗಳು ಕನ್ನಡಕ ಸರಿ ಮಾಡಿ ಮೊದಲನೆಯ ಜಾಡಿಯ ನಂಬರ್ ಓದಿದರು.

"ಇದು ಕೂಳೂರು. ಇದಕ್ಕೆ ಮಾತ್ರೆ ಇರ್ಲಿಲ್ಲ, ಬರೀ ಹಣ್ಣಿನ ಚೂರು ಕೊಟ್ಟದ್ದು."

ಎರಡನೆಯದನ್ನು ಓದಿ ಗಾಜಿನ ಮೇಲೆ ಕೈಯಿಟ್ಟರು. "ನಮ್ಮ ತೊಕ್ಕೊಟ್ಟು" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಅದೇ ಜಾಡಿಯ ಧೂಳು ಒರೆಸಿದ ನನಗೂ ಕಣ್ಣೀರು ತಡೆಯಲಾಗಲಿಲ್ಲ.

"ಹಾಗಾದ್ರೆ ನಾನು ಕೊಟ್ಟದ್ದು ಅದಕ್ಕೆ ಒಳ್ಳೇದೇ ಮಾಡಿದೆ, ಅಲ್ವಾ?"

"ಕಣ್ಣೆದುರೇ ಉಂಟಲ್ಲ ಪೊರ್ಬುಗಳೇ."

ಹಿಂದೆ ಬರುವಾಗ ಮೊದಲಿನ ಪ್ರಾಣಿಮನೆಯ ಜಾಗದಲ್ಲಿ ಸ್ವಲ್ಪ ನಿಂತರು. ಸ್ಕೂಟರುಗಳ ಸಾಲನ್ನು ನೋಡಿದರು. ಶಿಳ್ಳೆ ಹಾಕಲು ತುಟಿ ಕೂಡಿಸಿದರು, ಶಬ್ದ ಬರಲಿಲ್ಲ.

ಮನೆಯಲ್ಲಿ ಬರ್ನಡೆಟ್ ಮಾತ್ರೆ, ನೀರು ಹಿಡಿದು ಬಂದರು. ಪೊರ್ಬುಗಳು ನೀರು ಬೇಡವೆಂದು ಒಂದು ಬಾಳೆಹಣ್ಣು ಕೇಳಿದರು. ಚೂರು ಮುರಿದು ಮಾತ್ರೆಯನ್ನು ಅದರೊಳಗೆ ಅಡಗಿಸಿದರು.

"ತೊಕ್ಕೊಟ್ಟು ನನ್ನನ್ನು ನಂಬಿ ತಿಂದದ್ದು. ನಾನೇ ತಿನ್ನದಿದ್ರೆ ಹೇಗೆ?" ಎಂದು ಬಾಯಿಗೆ ಹಾಕಿ ನುಂಗಿದರು.

ಆಮೇಲೆ ಯಾರೂ ಕೇಳದೆ, ಹೆಂಡತಿಯ ಮುಂದೆ ಬಾಯಿ ಅಗಲಿಸಿ ತೋರಿಸಿದರು.