ನೀರು ಬಿಡಗೊಡದ ರಾಮವ್ವ

ಐಗಳಿಯ ರಾಮವ್ವ ಮದುವೆಯಾಗಿ ಬಂದಾಗಿನಿಂದ ಒಣದ್ರಾಕ್ಷಿ ಮಾಡಿದವಳು. ಗಂಡ ಲಗಮಣ್ಣ ರಾಜ್ಯದ ಗಡಿಯಾಚೆಯ ವೈನ್ ಕಾರ್ಖಾನೆಯವರ ಮಾತು ಕೇಳಿ ಎರಡು ಎಕರೆಗೆ ಶಿರಾಜ್ ಎಂಬ ಕಪ್ಪು ದ್ರಾಕ್ಷಿ ಹಚ್ಚಿದಾಗ, ಆ ತೋಟದ ಕೆಲಸವೂ ಅವಳ ಪಾಲಿಗೇ ಬಂತು.

ಮೂರನೆಯ ಹಂಗಾಮಿನಲ್ಲಿ, ಬಳ್ಳಿ ಹೂ ಬಿಡುವ ಹೊತ್ತಿಗೆ ಸರಿಯಾಗಿ, ಎಂಟು ದಿನ ಮಳೆ ಹಿಡಿಯಿತು. ಅರ್ಧ ಹೂ ಉದುರಿತು. ಉಳಿದದ್ದಕ್ಕೆ ಬೂಷ್ಟು ಹತ್ತಿತು. ಪಕ್ಕದ ತೋಟದವರು ಆಸೆ ಬಿಟ್ಟು ಔಷಧ ಹೊಡೆಯುವುದನ್ನೇ ನಿಲ್ಲಿಸಿದರು. ರಾಮವ್ವ ಕತ್ತರಿ ಹಿಡಿದು ಸಾಲಿಗಿಳಿದಳು. ರೋಗದ ಗೊನೆಗಳನ್ನು ಒಂದೊಂದಾಗಿ ಕತ್ತರಿಸಿ ದೂರ ಒಯ್ದು ಸುಟ್ಟಳು, ಗಾಳಿಯಾಡಲೆಂದು ಎಲೆ ತೆಗೆದಳು. ಹನ್ನೊಂದು ದಿನ ಇದೇ ಕೆಲಸ. ಬಳ್ಳಿಗೆ ಆರೇಳು ಗೊನೆ ಉಳಿದವು.

ಆಮೇಲೆ ಒಣ ಚಳಿ ಬಿತ್ತು. ಹಣ್ಣು ದಪ್ಪವಾಗಲೇ ಇಲ್ಲ.

“ಇವೇನ ದ್ರಾಕ್ಷಿನೋ ಮೆಣಸಿನ ಕಾಳೋ? ನೀರ ಬಿಡೂಣು, ತೂಕಾರೆ ಬರ್ತೈತಿ,” ಎಂದು ಲಗಮಣ್ಣ ಡ್ರಿಪ್ಪಿನ ವಾಲ್ವಿಗೆ ಕೈ ಹಾಕಿದ.

“ಮುಟ್ಟಬ್ಯಾಡ್ರಿ! ಇದ್ದ ಆರೇಳ ಗೊನಿಗೆ ಬಳ್ಳಿ ತನ್ನ ರುಚಿನೆಲ್ಲಾ ಕೊಡಾಕತ್ತೈತಿ. ನೀರ ಬಿಟ್ರ ಅದೆಲ್ಲಾ ತೆಳ್ಳಗಾಕ್ಕೈತಿ. ಒಣದ್ರಾಕ್ಷಿಯೊಳಗ ನಾ ನೋಡೇನಿ.”

“ಕಾರ್ಖಾನಿಯವ್ರು ಒಲ್ಲೆ ಅಂದ್ರ?”

“ಅಂದ್ರ ಅನ್ಲಿ. ನೀರಂತೂ ಬಿಡಾಂಗಿಲ್ಲ.”

ಅಂದಿನಿಂದ ಬಳ್ಳಿ ಬಾಡದಷ್ಟು ನೀರನ್ನು ರಾಮವ್ವ ತಾನೇ ನಿಂತು ಬಿಡುತ್ತಿದ್ದಳು, ತಾನೇ ನಿಲ್ಲಿಸುತ್ತಿದ್ದಳು.

ಮಾರ್ಚಿನಲ್ಲಿ ಕಾರ್ಖಾನೆಯಲ್ಲಿ ವೈನ್ ತಯಾರಿಸುವ ಮಯೂರಿ ಬಂದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಸಿಪ್ಪೆ, ಬೀಜ ಎಲ್ಲ ನಿಧಾನವಾಗಿ ಅಗಿದಳು. ಇನ್ನೊಂದನ್ನು ಹಿಸುಕಿದಾಗ ಬೆರಳು ನೇರಳೆಯಾಯಿತು.

“ಕಾಕೂ, ಹಣ್ಣ ಸಣ್ಣದಿದ್ರ ರಸಕ್ಕಿಂತ ಸಿಪ್ಪಿ ಜಾಸ್ತಿ. ಕೆಂಪು ವೈನಿನ ಬಣ್ಣ, ಖದರು ಎಲ್ಲಾ ಸಿಪ್ಪಿಯೊಳಗ ಇರ್ತೈತ್ರಿ. ಇದನ್ನ ಬ್ಯಾರೆ ತೋಟದ ಹಣ್ಣಿನ ಜೋಡಿ ಕೂಡಸೂದಿಲ್ರಿ, ಇದರ ವೈನ್ ಬ್ಯಾರೇನ ಮಾಡ್ತೀನ್ರಿ,” ಎಂದು ರಾಮವ್ವನಿಗೆ ಹೇಳಿದಳು.

ಒಂದೂವರೆ ವರ್ಷ ಕಟ್ಟಿಗೆಯ ಪೀಪಾಯಿಯಲ್ಲಿ ಮಾಗಿದ ಆ ವೈನಿನ ಮೊದಲ ಬಾಟಲಿಯನ್ನು ಮಯೂರಿಯೇ ಐಗಳಿಗೆ ತಂದಳು. ತನ್ನ ಕೈಯಿಂದ ಈವರೆಗೆ ಇಷ್ಟು ಒಳ್ಳೆಯ ವೈನ್ ಆಗಿರಲಿಲ್ಲ ಎಂದಳು. ರಾಮವ್ವ ಸ್ಟೀಲಿನ ಲೋಟದಿಂದ ಒಂದೇ ಗುಟುಕು ಕುಡಿದಳು. ಮೊದಲು ಒಗರು, ನುಂಗಿದ ಮೇಲೂ ನಾಲಿಗೆ ಬಿಡದ ರುಚಿ.

ಲೋಟದಲ್ಲಿ ಉಳಿದದ್ದನ್ನು ಲಗಮಣ್ಣ ಮುಗಿಸಿದ. ಆಮೇಲೆ ಕಾಗವಾಡದಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿ, ಹೆಂಡತಿಗೆ ಕೇಳುವ ಹಾಗೆಯೇ ಹೇಳಿದ: “ಅಣ್ಣಾ, ನಾ ನೀರ ಬಿಡೂಣು ಅಂದಿದ್ದೆ. ಆಕಿ ಬಿಡಗೊಡಲಿಲ್ಲ ನೋಡು.”