ನೀಲಿ ದಾರದ ಹಾಸು

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಭಾಗದ ಕಿರುಕೋಣೆಯಲ್ಲಿ ಒಬ್ಬಾಕೆ ಹಳೆಯ ಬೆಡ್‌ಶೀಟನ್ನು ಕಿಟಕಿಗೆ ಅಡ್ಡ ಹಿಡಿದು ನೋಡುತ್ತಿದ್ದಾರೆ. ಜನ ಮಲಗಿ ಮಲಗಿ ನಡುಭಾಗ ಸವೆದಿದೆ. ಸವೆದಲ್ಲಿ ಬೆಳಕು ತೂರಿ ಬಂದು ಮಲಗಿದವರ ತಲೆ, ಹೆಗಲು, ಸೊಂಟದ ಅಚ್ಚುಗಳು ಒಂದೊಂದಾಗಿ ಕಾಣುತ್ತವೆ. ಅವರ ಕೆಲಸ ನೋಡಿ ಬರೆಯಲು ಬಂದಿರುವ ನಾನು ಗೊತ್ತಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಹೆದರಬೇಡಿ. ಎಲ್ಲರೂ ನಡುವೇ ಮಲಗ್ತಾರೆ, ಅಂಚು ಹೊಸದಾಗೇ ಇರುತ್ತೆ" ಎನ್ನುತ್ತ ಆಕೆ ಹಾಸನ್ನು ಉದ್ದಕ್ಕೆ ಕತ್ತರಿಸುತ್ತಾರೆ. ಎರಡು ಅಂಚುಗಳನ್ನು ನಡುವಿಗೆ ತಂದು ಯಂತ್ರಕ್ಕೆ ಕೊಡುತ್ತಾರೆ. ಸವೆದದ್ದು ಆಚೀಚೆ ಹೋಗಿ ಹಾಸಿಗೆಯ ಅಡಿಗೆ ಸೇರಿಕೊಳ್ಳುತ್ತದೆ.

ಇಡೀ ಆಸ್ಪತ್ರೆಗೆ ಇವರು ಸೂಜಿಯಕ್ಕ. ಇಪ್ಪತ್ತಾರು ವರ್ಷದಿಂದ ದಿನಕ್ಕೆ ಮೂವತ್ತು ಹಾಸು. ತಮ್ಮ ಬೆನ್ನಡಿಯ ಹೊಲಿಗೆ ಯಾರದೆಂದು ಯಾವ ರೋಗಿಯೂ ಕೇಳಿದ್ದಿಲ್ಲ.

ಈ ವಿದ್ಯೆ ಅಮ್ಮನದು. ತಂದೆಯಿಲ್ಲದ ಮನೆ, ಹೊಟ್ಟೆಬಟ್ಟೆಗೆ ಸದಾ ತತ್ವಾರ. "ನಾಲ್ಕು ಮಕ್ಕಳಿಗೆ ಒಂದೇ ಹಾಸು. ನಾನು ಚಿಕ್ಕೋಳು, ನಡುವೆ ಮಲಗ್ತಿದ್ದೆ. ಹೊಲಿಗೆ ಒತ್ತಿ ಬೆನ್ನ ಮೇಲೆ ಗೆರೆ ಮೂಡ್ತಿತ್ತು. ಬೆನ್ನಿಗೂ ಬೈತಲೆ ತೆಗೆದಿದಾಳೆ ಅಂತ ಅಣ್ಣ ರೇಗಿಸೋನು."

ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದರಂತೆ ಅಮ್ಮ. ಹಾಲಿನ ಪಾತ್ರೆ ತೊಳೆದ ನೀರು ಟೀಗೆ. ತೆಳ್ಳಗಾದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುವುದು. ಬೆಳಕು ಹರಿಯಿತೋ ಇಲ್ಲವೋ, ಅವರ ಕೈ ಮೊದಲು ಹೋಗುತ್ತಿದ್ದದ್ದು ದೀಪ ಆರಿಸಲು ಸ್ವಿಚ್ಚಿಗೆ. "ಸೂರ್ಯ ಬಂದ ಮೇಲೆ ಇದಕ್ಕೇನು ಕೆಲಸ ಅನ್ನೋಳು."

ಒಂಬತ್ತು ವರ್ಷದ ಹಿಂದೆ ಆ ಅಮ್ಮ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಹಾಸಿದ್ದು ಮಗಳೇ ಹೊಲಿದ ಹಾಸು. ಬಿಳಿ ದಾರ ಮುಗಿದು, ಕೊನೆಯ ಗೇಣುದ್ದಕ್ಕೆ ಉಳಿಕೆಯ ನೀಲಿ ದಾರ ಹಾಕಿದ್ದರು. ಕೊನೆಯ ಬೆಳಿಗ್ಗೆ ಅಮ್ಮನ ಬೆರಳು ಆ ಹೊಲಿಗೆಯ ಮೇಲೆ ಹರಿದಾಡಿತಂತೆ. "ಗಟ್ಟಿ ಇದೆ ಕಣೇ, ಇನ್ನೂ ಹತ್ತು ವರ್ಷ ಬರುತ್ತೆ ಅಂದ್ಲು. ಆಮೇಲೆ ಮಾತಾಡ್ಲಿಲ್ಲ."

ಅಲ್ಲಿಂದ ಶುರುವಾಯಿತು. ನೀಲಿ ದಾರದ ಹಾಸು ಯಾವ ಮಂಚದ ಮೇಲಿರುತ್ತದೋ, ಬೆಳಕು ಹರಿಯುವ ಹೊತ್ತಿಗೆ ಆ ಮಂಚದ ದೀಪ ತಾನಾಗಿ ಆರಿರುತ್ತದೆ. ಹಿರಿಯ ನರ್ಸಮ್ಮನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ: "ನಾನು ಇದನ್ನೆಲ್ಲ ನಂಬಲ್ಲ. ಆದ್ರೆ ಆ ದೀಪ ಆರಿಸೋಕೆ ಯಾರನ್ನೂ ಕಳಿಸೋದೂ ಇಲ್ಲ."

ಸವೆದು ಕತ್ತರಿಸಿಕೊಂಡು ಈಗ ಆ ಹಾಸು ಮಕ್ಕಳ ವಾರ್ಡಿನ ತೊಟ್ಟಿಲಷ್ಟಾಗಿದೆ. ಸೂಜಿಯಕ್ಕನ ಜೊತೆ ಹೋಗಿ ನೋಡುತ್ತೇನೆ. ಹನ್ನೊಂದು ದೀಪ ಉರಿಯುತ್ತಿವೆ, ಆ ಹಾಸಿರುವ ತೊಟ್ಟಿಲಿನದು ಮಾತ್ರ ಆರಿದೆ. ಬಲ್ಬು ಕೆಟ್ಟಿರಬೇಕೆಂದು ಸ್ವಿಚ್ ಒತ್ತಿದರೆ ಹತ್ತುತ್ತದೆ. ದೊಡ್ಡ ಧೈರ್ಯಸ್ಥನ ಹಾಗೆ ನಕ್ಕು ತಿರುಗುತ್ತೇನೆ. ಬೆನ್ನ ಹಿಂದೆ ಟಕ್ ಎನ್ನುತ್ತದೆ. ಮಗು ನಿದ್ದೆಯಲ್ಲೇ ಇದೆ, ಹತ್ತಿರ ಯಾರೂ ಇಲ್ಲ. ದೀಪ ಮತ್ತೆ ಆರಿದೆ. ಸೂಜಿಯಕ್ಕ ಮಾತ್ರ, "ಬೆಳಕು ಹರಿದಿದೆಯಲ್ಲ, ಯಾಕೆ ಹಾಕಿದ್ರಿ?" ಎಂದು ನನ್ನನ್ನೇ ಗದರುತ್ತಾರೆ.

ಇದೆಲ್ಲ ಇನ್ನು ನಾಲ್ಕೇ ದಿನ. ಮುಂದಿನ ತಿಂಗಳಿಂದ ಒಮ್ಮೆ ಬಳಸಿ ಎಸೆಯುವ ಹಾಸುಗಳು ಬರಲಿವೆ. ಹೊಲಿಗೆ ಹಾಕಿದ್ದೆಲ್ಲ ಬಾಯ್ಲರಿನ ಬೆಂಕಿಗೆ ಹೋಗಬೇಕೆಂದು ಆದೇಶವಾಗಿದೆ. ಸೂಜಿಯಕ್ಕನಿಗೆ ಒಗೆಯುವ ಕೋಣೆಯಲ್ಲಿ ಬೇರೆ ಕೆಲಸ ಸಿಗುತ್ತದೆ, ಅದರ ಚಿಂತೆಯಿಲ್ಲ. ಬೇಕಿರುವುದು ಆ ಒಂದು ತುಂಡು. ಸುಮ್ಮನೆ ಮಡಚಿಕೊಂಡು ಹೋಗಿ ಎಂದು ನಾನೇ ಹೇಳಿಕೊಡುತ್ತೇನೆ.

"ಇಪ್ಪತ್ತಾರು ವರ್ಷದಲ್ಲಿ ಒಂದೆಳೆ ದಾರ ಒಯ್ದಿಲ್ಲ. ಕದ್ದ ಬಟ್ಟೆ ತಂದ್ರೆ ಅಮ್ಮ ನನ್ನ ಮನೆ ಹೊಸ್ತಿಲು ತುಳೀತಾಳಾ?"

ಅವರ ಮನೆಯೆಂದರೆ ಒಂದು ಕೋಣೆ, ಒಂದು ಬಚ್ಚಲು, ಒಬ್ಬರೇ. ಅಷ್ಟು ಕೈಬಿಗಿಯ ಹೆಂಗಸು ಒಂಬತ್ತು ವರ್ಷದಿಂದ ಪ್ರತಿದಿನ ಬಲ್ಬು ಉರಿಸಿಟ್ಟೇ ಕೆಲಸಕ್ಕೆ ಬರುತ್ತಾರೆ. ಸಂಜೆ ಹೋದಾಗ ಅದು ಉರಿಯುತ್ತಲೇ ಇರುತ್ತದೆ. "ಬೈಯೋಕಾದ್ರೂ ಬರ್ಲಿ ಅಂತ. ಊರವರ ದೀಪ ಎಲ್ಲ ಆರಿಸ್ತಾಳೆ, ನನ್ನ ಮನೇದು ಬಿಟ್ಟು." ಇದನ್ನು ಹೇಳುವಾಗ ಅವರ ಕಣ್ಣು ಯಂತ್ರದ ಮೇಲೆಯೇ ಇದೆ.

ಆ ತುಂಡು ಕೇಳಿ ಅರ್ಜಿ ಬರೆದು ಕೊಡುತ್ತಾರೆ. ಮೂರು ದಿನ ಉತ್ತರವಿಲ್ಲ. ತಿಂಗಳ ಕೊನೆಯ ದಿನ, ಮೂಟೆಗಳು ಬಾಯ್ಲರಿನ ಬಾಗಿಲಿಗೆ ಬಂದ ಮೇಲೆ, ಹಿರಿಯ ನರ್ಸಮ್ಮ ಓಡಿಬಂದು ಸಹಿ ಹಾಕಿದ ಕಾಗದ ಕೈಗಿಡುತ್ತಾರೆ. "ತಗೊಂಡು ಹೋಗಮ್ಮ, ನಮ್ಮ ದೀಪ ನಾವೇ ಆರಿಸ್ಕೋತೀವಿ."

ಅಂದೇ ಅದು ಸೂಜಿಯಕ್ಕನ ದಿಂಬಿನ ಚೀಲವಾಗುತ್ತದೆ. ಎರಡು ದಿನ ಬಿಟ್ಟು ಒಗೆಯುವ ಕೋಣೆಯಲ್ಲಿ ಸಿಕ್ಕಾಗ ಕೇಳುತ್ತೇನೆ, ದೀಪ ಆರಿತ್ತಾ ಎಂದು.

"ಇಲ್ಲ. ನಿನ್ನೆ ದಿನವಿಡೀ ಮೋಡ, ಮನೆ ಕತ್ತಲೆ. ಸಂಜೆ ಹೋದ್ರೆ ಉರೀತಾನೇ ಇತ್ತು. ಬಂದಿಲ್ಲ ಬಿಡು ಅಂತ ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದೆ." ಆಕೆ ತೊಳೆದ ಬಟ್ಟೆಯೊಂದನ್ನು ಝಾಡಿಸಿ ಮಡಚುತ್ತಾರೆ. "ಬೆಳಿಗ್ಗೆ ಹೊಸ ಸೋಪು ಬಿಚ್ಚಿದ್ದೆ. ಹಳೇ ಸೋಪಿನ ಚೂರು ಬೇರೆ ಕಡೆ ಇಟ್ಟಿದ್ದೆ. ಅದು ಹೊಸ ಸೋಪಿನ ಬೆನ್ನಿಗೆ ಅಂಟಿಕೊಂಡಿತ್ತು. ಒತ್ತಿದ ಬೆರಳಿನ ಗುರುತು ಇತ್ತು. ನನ್ನ ಬೆರಳು ಅಷ್ಟು ಸಣ್ಣ ಅಲ್ಲ."

ಆ ಸೋಪನ್ನು ಎತ್ತಿಟ್ಟಿದ್ದೀರಾ ಎಂದರೆ ನಗುತ್ತಾರೆ.

"ಎತ್ತಿಟ್ರೆ ಬೈತಾಳೆ. ಅದರಲ್ಲೇ ಸ್ನಾನ ಮಾಡಿದೆ. ಇವತ್ತು ಬಲ್ಬು ನಾನೇ ಆರಿಸಿ ಬಂದೆ."